ಮಗ್ಗದ ಮನೆಯ ಮೋಟಾರುಗಳು

ನನ್ನ ಮಾವನವರನ್ನು ನಾನು ಮೊದಲ ಸಲ ನೋಡಿದಾಗ ಅವರ ತಲೆ ನೆಲದ ಮಟ್ಟದಲ್ಲಿತ್ತು.

ಮದುವೆಯ ಮಾತುಕತೆ ನಡೆದಿದ್ದ ದಿನಗಳು. ಹುಡುಗನ ಮನೆ ನೋಡಿಕೊಂಡು ಬರಲು ನಮ್ಮ ಹಿರಿಯರು ಮುಂಡರಗಿಯಿಂದ ಬೆಟಗೇರಿಗೆ ಹೊರಟಾಗ, ಹುಡುಗಿ ಹೋಗುವ ರೂಢಿ ಇಲ್ಲದಿದ್ದರೂ ನನ್ನ ಸೋದರಮಾವ ಹಟ ಮಾಡಿ ನನ್ನನ್ನೂ ಬಸ್ಸು ಹತ್ತಿಸಿದ್ದ. "ಬಾಳ್ವೆ ಮಾಡಾಕಿ ಅಕಿ. ಮನಿ ಅಕೀನ ನೋಡ್ಲಿ" ಎಂಬುದು ಅವನ ವಾದ. ಹೋಗಿ ನೋಡಿದರೆ ಪಡಸಾಲೆಯಲ್ಲಿ ಯಾರೂ ಇಲ್ಲ. ಹಿತ್ತಲ ಕಡೆಯಿಂದ ಕಬ್ಬಿಣಕ್ಕೆ ಕಬ್ಬಿಣ ತಾಗುವ ಸದ್ದು ಬರುತ್ತಿತ್ತು. ಸದ್ದಿನ ಬೆನ್ನು ಹಿಡಿದು ಹೋದೆವು. ಉದ್ದನೆಯ ಕೋಣೆಯಲ್ಲಿ ಕಪ್ಪನೆಯ ಹಳೆಯ ಕಾರೊಂದು ನಿಂತಿತ್ತು. ಅದರ ಮುಂದಿನ ಎರಡು ಗಾಲಿಗಳ ನಡುವೆ, ಭೂಮಿಯಿಂದ ಮೊಳೆತ ಹಾಗೆ, ಎಣ್ಣೆ ಮೆತ್ತಿದ ಬೋಳುತಲೆಯೊಂದು ಕಾಣಿಸಿತು. ಮೂಗಿನ ತುದಿಗೆ ಕನ್ನಡಕ.

"ಬರ್ರಿ ಬರ್ರಿ. ಕುಂಡ್ರಿ. ನೀರ ಕುಡೀರಿ. ಈಗ ಮ್ಯಾಲೆ ಬಂದೆ" ಎಂದಿತು ಆ ತಲೆ.

ಕುಳಿತುಕೊಳ್ಳಲು ಅಲ್ಲಿ ಏನೂ ಇರಲಿಲ್ಲ. ಸೋದರಮಾವ ಗಾಬರಿಯನ್ನು ನುಂಗಿಕೊಂಡು, "ಗ್ಯಾರೇಜ್ ಐತೇನ್ರಿ ನಿಮ್ದು?" ಎಂದು ಕೇಳಿದ.

"ಇಲ್ಲರಿ. ಗ್ಯಾರೇಜಿನ್ಯಾಗ ಕೆಟ್ಟ ಗಾಡಿ ರಿಪೇರಿ ಮಾಡ್ತಾರ. ನಾವು ಬರೇ ನೋಡ್ತೀವಿ."

ಮರಳಿ ಮುಂಡರಗಿಯ ಬಸ್ಸಿನಲ್ಲಿ ಕುಳಿತಾಗ ಸೋದರಮಾವ ಹಾದಿಯುದ್ದಕ್ಕೂ ಒಂದೇ ಮಾತನ್ನು ತಿರುವಿ ತಿರುವಿ ಹೇಳಿದ: "ನೋಡ್ತಾರಂತ! ಬರೇ ನೋಡ್ತಾರಂತ!" ನನಗೆ ಮಾತ್ರ ಆ ತಲೆಯ ಮೇಲೆ ಅಲ್ಲಿಯೇ ಒಂದು ನಂಬಿಕೆ ಹುಟ್ಟಿಬಿಟ್ಟಿತ್ತು. ಬಂದ ಬೀಗರ ಎದುರಿಗೆ ಅಂಗಿ ಬದಲಿಸಿ ಬಂದು ದೊಡ್ಡಸ್ತಿಕೆ ತೋರಿಸುವ ಮನುಷ್ಯ ಅಲ್ಲ ಅದು ಎನಿಸಿತ್ತು.

ಶಂಕ್ರಪ್ಪ ಮಾಸ್ತರರು ಗದಗದ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಕಲಿಸುತ್ತಿದ್ದವರು. ಹುಟ್ಟಿದ್ದು ನೇಕಾರರ ಮನೆಯಲ್ಲಿ. ಅವರ ತಂದೆ ಕುಣಿಮಗ್ಗದಲ್ಲಿ ಸೀರೆ ನೇಯುತ್ತಿದ್ದರು. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕುಳಿತು ನೇಯುವ ಮಗ್ಗ ಅದು. ಚಿಕ್ಕಂದಿನಲ್ಲಿ ಚೌಕುಳಿ ಕಾಗದದ ಮೇಲೆ ಸೆರಗಿನ ಚಿತ್ತಾರ ಬಿಡಿಸಿ ಕೊಡುವುದು ಮಾವನವರ ಕೆಲಸವಾಗಿತ್ತಂತೆ. ತಂದೆ ತೀರಿಕೊಂಡು, ಕಸುಬು ಇಳಿದು, ಮಗ್ಗಗಳು ಮಾರಿಹೋದವು. ಕುಣಿಗಳನ್ನು ಮುಚ್ಚಲು ಮಾತ್ರ ಮಾವನವರಿಗೆ ಮನಸ್ಸಾಗಲಿಲ್ಲ. ಮಗ್ಗದ ಮನೆ ಖಾಲಿ ಬಿದ್ದಿತ್ತು. ಅದೇ ಕಾಲಕ್ಕೆ ಶಿರಹಟ್ಟಿಯಲ್ಲಿ ವಕೀಲರೊಬ್ಬರು ಮನೆ ಕೆಡವಿ ಕಟ್ಟಿಸುವಾಗ, ಕೋಳಿಗಳು ಮೊಟ್ಟೆ ಇಡುತ್ತಿದ್ದ ಒಂದು ಇಂಗ್ಲಿಷ್ ಕಾರನ್ನು ಗುಜರಿಗೆ ಹಾಕಲು ಹೊರಟಿದ್ದರು. ಮಾವನವರು ಅದರ ಮಡಗಾರ್ಡಿನ ಬಾಗು ನೋಡಿ ಅಲ್ಲಿಯೇ ನಿಂತುಬಿಟ್ಟರಂತೆ. "ನಮ್ಮಪ್ಪ ನೇಯ್ದ ಸೆರಗಿನ್ಯಾಗ ಮಾವಿನಕಾಯಿ ಬಳಕತಿತ್ತಲ್ಲ, ಹಂಗ ಬಳಕಿತ್ತದು. ಬಿಟ್ಟು ಬರಾಕ ಆಗಲಿಲ್ಲ" ಎನ್ನುತ್ತಿದ್ದರು. ಎತ್ತಿನ ಗಾಡಿಗೆ ಕಟ್ಟಿ ಎಳೆಸಿಕೊಂಡು ಬಂದು ಮಗ್ಗದ ಮನೆಗೆ ಸೇರಿಸಿದರು. ನೇಕಾರನ ಕುಣಿ ಕಾರಿನ ತಳ ನೋಡುವ ಕುಣಿಯಾಯಿತು.

ನಮ್ಮ ಮನೆಯಲ್ಲಿ ಕಾರುಗಳಿಗೆ ಕಂಪನಿಯ ಹೆಸರಿರಲಿಲ್ಲ, ಸಿಕ್ಕ ಊರಿನ ಹೆಸರು. ಕೋಳಿ ಮೊಟ್ಟೆಯದು 'ಶಿರಹಟ್ಟಿ'. ಎರಡನೆಯದು ನನ್ನ ತವರಿನ ಕಡೆಯದು, ಹೊಳೆದಂಡೆಯ ಹೊಲವೊಂದರಲ್ಲಿ ಸಿಕ್ಕ ಅಮೆರಿಕದ ಗಾಡಿ. ಅದರ ಗಾಲಿ ಕಳಚಿ, ಎಂಜಿನ್ನಿಗೆ ಪಟ್ಟಾ ಕಟ್ಟಿ ಯಾರೋ ಎಷ್ಟೋ ವರ್ಷ ನೀರೆತ್ತಿದ್ದರು. ಅದು 'ಮುಂಡರಗಿ'. "ಶಿರಹಟ್ಟಿಗೆ ಎಣ್ಣಿ ಕುಡಸು", "ಮುಂಡರಗಿ ಬಾಗಲಾ ಜಗ್ಗಬ್ಯಾಡ, ಕೈಯಾಗ ಬರತೈತಿ" ಎಂಬ ಮಾತುಗಳು ಹೊಸ ಸೊಸೆಯಾದ ನನಗೆ ಮೊದಮೊದಲು ಹುಚ್ಚರ ಮನೆ ಸೇರಿದೆನೇನೋ ಎನ್ನುವ ಹಾಗೆ ಕೇಳಿಸುತ್ತಿದ್ದವು.

ರವಿವಾರ ಬಂತೆಂದರೆ ಮನೆಮಂದಿಯೆಲ್ಲ ಮಗ್ಗದ ಮನೆಯಲ್ಲಿ. ನನ್ನ ಗಂಡ ಈರಣ್ಣನಿಗೆ ಎಂಜಿನ್. ಅತ್ತೆ ದೇವರ ಸಾಮಾನಿನ ಸಂಗಡ ಶಿರಹಟ್ಟಿಯ ಹಿತ್ತಾಳೆ ದೀಪಗಳನ್ನೂ ಮುಂದಿಟ್ಟುಕೊಂಡು ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದರು. ತಿಕ್ಕುವಾಗ ಬೈಗುಳ ತಪ್ಪುತ್ತಿರಲಿಲ್ಲ. "ಬ್ಯಾರೆ ಗಂಡಸರು ಸಿನಿಮಾಕ್ಕ ಕರಕೊಂಡು ಹೊಕ್ಕಾರ. ನನ್ನ ನಸೀಬದಾಗ ಗುಜರಿ ಬರದೈತಿ." ಆದರೆ ದೀಪ ಸರಿಯಾಗಿ ಹೊಳೆಯದಿದ್ದರೆ ಮತ್ತೊಮ್ಮೆ ತಿಕ್ಕುವವರೂ ಅವರೇ. ನನ್ನ ಪಾಲಿಗೆ ಏನು ಬರಬಹುದು ಎಂದು ನಾನು ಕಾಯುತ್ತಿದ್ದಾಗ ಮಾವನವರು ಕಾಗದ, ಪೆನ್ಸಿಲು ತಂದುಕೊಟ್ಟರು.

"ವಿಜಯಾ, ಎಡಗಡೆ ಬಾಗಲಾ ಬರಿಯವ್ವ."

"ಮಾವಾರ, ನನಗ ಚಿತ್ರ ಬರೂದಿಲ್ಲರಿ."

"ಚಿತ್ರ ಯಾರ ಕೇಳ್ಯಾರ? ನೋಡಿದ್ದನ್ನ ಬರಿ. ಸಾಕು."

ಬೆವರುತ್ತ ಬಾಗಿಲು ಬರೆದೆ. ಮಾವನವರು ಕಾಗದವನ್ನು ದೂರ ಹಿಡಿದು ನೋಡಿ, "ಇದು ನಿಮ್ಮ ತವರಮನಿ ಬಾಗಲಾತು. ಈ ಗಾಡೀದಲ್ಲ" ಎಂದರು. ಅತ್ತೆ ನಕ್ಕರು. ನನಗೆ ಅಳು ಬರುವಂತಾಯಿತು. ಆದರೆ ಮರಳಿ ಬಾಗಿಲಿನ ಮುಂದೆ ಕುಳಿತಾಗ ನನಗೇ ಕಂಡಿತು: ನಾನು ಬರೆದದ್ದು ಬಾಗಿಲು ಎಂದರೆ ಹೀಗಿರುತ್ತದೆ ಎಂದು ನನಗೆ ಗೊತ್ತಿದ್ದದ್ದು. ಎದುರಿಗಿದ್ದ ಬಾಗಿಲಿನ ಕೆಳಗಿನ ಮೂಲೆ ಚೌಕವಾಗಿರಲಿಲ್ಲ, ಗಾಲಿಗೆ ಜಾಗ ಬಿಡಲು ಒಳಗೆ ಸರಿದಿತ್ತು. ಹಿಡಿಕೆ ಹೊರಗಡೆ ಇರಲೇ ಇಲ್ಲ. ಎರಡನೆಯ ಸಲ ಬರೆದದ್ದನ್ನು ಮಾವನವರು ಮತ್ತೆ ದೂರ ಹಿಡಿದು ನೋಡಿದರು. ಅದನ್ನು ಗೋಡೆಗೆ ಅಂಟಿಸಿದರು.

ಹಳೆಯ ಗಾಡಿ ಯಾವುದು, ಯಾವ ಕಾಲದ್ದು ಎಂದು ಗುರುತು ಹಿಡಿಯುವುದಕ್ಕೆ ಇದೇ ಅವರ ಹಾದಿಯಾಗಿತ್ತು. ಬೇರೆಯವರು ನಂಬರು ಹುಡುಕುತ್ತಾರೆ, ಪುಸ್ತಕ ತೆರೆಯುತ್ತಾರೆ. ಅವರೂ ತೆರೆಯುತ್ತಿದ್ದರು, ಆದರೆ ಕೊನೆಗೆ. ಮೊದಲು ಮನೆಮಂದಿಯೆಲ್ಲ ಒಂದೊಂದು ದಿಕ್ಕಿಗೆ ಕುಳಿತು ಕಂಡದ್ದನ್ನು ಕಂಡಂತೆ ಬರೆಯಬೇಕು. "ಪುಸ್ತಕಾ ಮೊದಲ ನೋಡಿದಿ ಅಂದ್ರ ಗಾಡಿ ಕಾಣೂದಿಲ್ಲ. ಪುಸ್ತಕದಾಗಿನ ಗಾಡೀನ ಇಲ್ಲಿ ಕಾಣತೈತಿ" ಎನ್ನುತ್ತಿದ್ದರು. ಒಮ್ಮೆ ಹುಬ್ಬಳ್ಳಿಯ ಕಡೆಯ ಶ್ರೀಮಂತರೊಬ್ಬರು ಬಂದು, ಎರಡೂ ಕಾರುಗಳಿಗೆ ಕನ್ನಡಿಯಂತೆ ಹೊಳೆಯುವ ಬಣ್ಣ ಹೊಡೆಸಿಕೊಡುತ್ತೇನೆ ಎಂದರು. ಮಾವನವರು ಚಹಾ ಕುಡಿಸಿ, ಕೈ ಮುಗಿದು ಕಳಿಸಿದರು. "ತುಕ್ಕ ತಡಿಯೂದು ನಮ್ಮ ಕೆಲಸ. ವಯಸ್ಸ ಒರಸೂದಲ್ಲ" ಎಂದು ಆಮೇಲೆ ಮೆಲ್ಲಗೆ ಅಂದರು. ಆ ಮಾತನ್ನು ನಾನು ಅಂದು ಕಾರಿನ ಮಾತೆಂದೇ ತಿಳಿದಿದ್ದೆ.

ಲಕ್ಷ್ಮೇಶ್ವರದ ದಾದಾಪೀರ ಸಾಹುಕಾರರು ಮಾವನವರ ಪ್ರಾಣದ ಗೆಳೆಯ. ಮಾವನವರಿಗೆ ಮೊದಲು ನೌಕರಿಯಾದದ್ದು ಲಕ್ಷ್ಮೇಶ್ವರದಲ್ಲಿ. ಆಗ ಸಾಹುಕಾರರ ಮಾಳಿಗೆಯ ಕೋಣೆಯಲ್ಲಿ ಬಾಡಿಗೆಗಿದ್ದರು. ದಾದಾಪೀರರು ಜೋಳ, ಶೇಂಗಾ, ಕಡಲೆ ಕೊಂಡು ಮಾರುವ ವ್ಯಾಪಾರಸ್ಥರು. ಬಿಳಿ ಗಡ್ಡ, ಅತ್ತರಿನ ವಾಸನೆ, ಬಸಿಯಲ್ಲಿ ಚಹಾ ಸುರಿದು ಊದಿ ಕುಡಿಯುವ ಚಟ. ನಾಲ್ಕು ಜನರ ಎದುರು 'ಸಾಹುಕಾರ್ರ', 'ಮಾಸ್ತರ' ಎಂದು ಕರೆದುಕೊಳ್ಳುತ್ತಿದ್ದ ಈ ಇಬ್ಬರು ಮುದುಕರು, ಇಬ್ಬರೇ ಇದ್ದಾರೆ ಎಂದು ತಿಳಿದ ಕೂಡಲೇ 'ಲೇ ದಾದ್ಯಾ', 'ಲೇ ಶಂಕ್ರ್ಯಾ' ಆಗಿಬಿಡುತ್ತಿದ್ದರು.

ಸಾಹುಕಾರರ ಗೋದಾಮಿನಲ್ಲಿ, ಚೀಲಗಳ ಹಿಂದೆ, ಒಂದು ಕೆಂಪು ಮೋಟಾರು ಇತ್ತು. ಸಂಸ್ಥಾನದ ದೊರೆಗಳು ಸಂತೋಷಪಟ್ಟು ತಮ್ಮ ತಂದೆಗೆ ಇನಾಮು ಕೊಟ್ಟ ಗಾಡಿ ಅದು ಎಂದು ಅವರು ಹೇಳುತ್ತಿದ್ದರು. ಊರೂ ಹಾಗೆಯೇ ಹೇಳುತ್ತಿತ್ತು. ಅದನ್ನು ಒಮ್ಮೆ ಹೊರಗೆಳೆದು ನೋಡೋಣವೆಂದು ಮಾವನವರು ಎಷ್ಟು ಸಲ ಕೇಳಿದರೂ, "ಸುಗ್ಗಿ ಮುಗೀಲಿ ತಡಿಯಲೇ" ಎಂದು ಮುಂದೂಡುತ್ತ ಬಂದಿದ್ದರು.

ಗದಗ ಹೊಸ ಜಿಲ್ಲೆಯಾದ ಕಾಲಕ್ಕೆ ಆ ಗಾಡಿಯ ನೆನಪು ಎಲ್ಲರಿಗೂ ಒಮ್ಮೆಲೇ ಬಂತು. ಅಲ್ಲಿಯವರೆಗೆ ಧಾರವಾಡ ಜಿಲ್ಲೆಯ ಒಂದು ಅಂಚಿನಲ್ಲಿದ್ದ ನಮ್ಮ ಮಂದಿ, ಹೊಸ ಸಂಸಾರ ಹೂಡಿದವರು ಅಟ್ಟದ ಪಾತ್ರೆ ಇಳಿಸಿ ನೋಡುವ ಹಾಗೆ, ತಮ್ಮ ಹತ್ತಿರ ಹಳೆಯದು ಏನೇನಿದೆ ಎಂದು ಹುಡುಕತೊಡಗಿದ್ದರು. ಸಂಭ್ರಮದ ಮೆರವಣಿಗೆಯ ಮುಂದೆ ಸಂಸ್ಥಾನದ ಕಾರನ್ನು ಲಾರಿಯ ಮೇಲೆ ಇಟ್ಟು ಒಯ್ಯಬೇಕು, ಅದರ ಮುಂದೆ ಒಂದು ಹಲಗೆ ನಿಲ್ಲಿಸಬೇಕು ಎಂದು ಓಡಾಡುತ್ತಿದ್ದವರು ತೀರ್ಮಾನಿಸಿದರು. ಹಲಗೆಗೆ ಎರಡು ಸಾಲು ಬರೆದುಕೊಡುವ ಕೆಲಸ ಮಾವನವರಿಗೆ ಬಂತು. ದಾದಾಪೀರರು ಲಾರಿಯ ಮೇಲೆ ಗಾಡಿಯ ಪಕ್ಕದಲ್ಲಿ ನಿಲ್ಲಲು ಹೊಸ ಶೇರವಾನಿ ಹೊಲಿಯಲು ಹಾಕಿದರು.

ರವಿವಾರಗಳಂದು ನಾವು ಬೆಟಗೇರಿಯಿಂದ ಮುಂಜಾನೆಯ ಬಸ್ಸು ಹಿಡಿದು ಲಕ್ಷ್ಮೇಶ್ವರಕ್ಕೆ ಹೋಗತೊಡಗಿದೆವು. ಅತ್ತೆ ರೊಟ್ಟಿ, ಬದನೆಕಾಯಿ ಪಲ್ಯ ಕಟ್ಟಿಕೊಳ್ಳುತ್ತಿದ್ದರು. ಗೋದಾಮಿನಲ್ಲಿ ಜೋಳದ ಧೂಳಿನ ವಾಸನೆ. ಹಮಾಲರು ಚೀಲಗಳನ್ನು ಸರಿಸಿ ಗಾಡಿಯನ್ನು ಬೆಳಕಿಗೆ ತಂದರು. ಎಲ್ಲರೂ ಸುತ್ತ ಕುಳಿತು ಬರೆಯತೊಡಗಿದೆವು. ಹಿಂಭಾಗ ನನ್ನ ಪಾಲಿಗೆ ಬಂದಿತ್ತು. ಬರೆಯುತ್ತ ಹೋದಂತೆ ಏನೋ ಹೊಂದುತ್ತಿಲ್ಲ ಎನಿಸಿತು. ಮುಂಭಾಗ ತಗಡಿನದು, ದುಂಡಗೆ ಇಳಿದಿತ್ತು. ಹಿಂಭಾಗ ಕಟ್ಟಿಗೆಯದು, ನೆಟ್ಟಗೆ, ಅಳತೆ ಮೀರಿ ಉದ್ದ. ಬಡಗಿಯೊಬ್ಬ ಆಮೇಲೆ ಕೂಡಿಸಿದ ಹಾಗೆ. ತಳದ ಹಲಗೆಯಲ್ಲಿ ಸಾಲಾಗಿ ತೂತುಗಳಿದ್ದವು, ಯಾರೋ ಅವಕ್ಕೆ ಕಟ್ಟಿಗೆಯ ಬಿರಡೆ ಹೊಡೆದು ಮುಚ್ಚಿದ್ದರು. ಹಿಂದಿನ ಗಾಲಿಗಳ ಮೇಲಿನ ಸ್ಪ್ರಿಂಗಿಗೆ ಪಟ್ಟಿಯ ಮೇಲೆ ಪಟ್ಟಿ ಕೂಡಿಸಿದ್ದನ್ನು ನನ್ನ ಗಂಡ ತೋರಿಸಿದ.

"ಇಷ್ಟ ಪಟ್ಟಿ ಯಾಕ ಬೇಕು? ದೊರಿಗಳೇನು ಜ್ವಾಳದ ಚೀಲದಷ್ಟ ಭಾರ ಇದ್ರೇನು?" ಎಂದು ಮಾವನವರು ತಮಾಷೆಯಾಗಿಯೇ ಅಂದರು. ಆದರೆ ಅವರ ಮುಖದಲ್ಲಿ ತಮಾಷೆ ಇರಲಿಲ್ಲ.

ಮುಂದಿನ ರವಿವಾರ, ದಾದಾಪೀರರು ಮಧ್ಯಾಹ್ನದ ನಮಾಜಿಗೆ ಹೋಗಿದ್ದಾಗ, ಪಕ್ಕದ ಹಲಗೆಯಲ್ಲಿ ಕೆಂಪು ಬಣ್ಣ ತಾನಾಗಿ ಸಿಪ್ಪೆ ಎದ್ದಿದ್ದ ಜಾಗವನ್ನು ಮಾವನವರು ಒದ್ದೆ ಬಟ್ಟೆಯಿಂದ ಮೆಲ್ಲಗೆ ಒರೆಸಿದರು. ಸಿಪ್ಪೆ ಉದುರಿದಲ್ಲಿ ಹಸಿರು ಕಂಡಿತು. ಹಸಿರಿನ ಮೇಲೆ ಹಳದಿ ಗೆರೆಯೊಂದು. ಮತ್ತಷ್ಟು ಒರೆಸಿದರು. ಅದು ಅಕ್ಷರ. ಕೈಯಿಂದ ಬರೆದ, ಅಷ್ಟೇನೂ ಪಳಗದ ಕನ್ನಡ ಅಕ್ಷರಗಳು: '...ಶ್ವರ – ಗದಗ'.

ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಉದ್ದನೆಯ ಹಿಂಭಾಗದಲ್ಲಿ, ತೂತುಗಳಿದ್ದಲ್ಲಿ, ಎದುರುಬದುರು ಕೂರುವ ಬಾಕುಗಳನ್ನು ಕೂಡಿಸಿ, ಜನರನ್ನು ತುಂಬಿಕೊಂಡು ಲಕ್ಷ್ಮೇಶ್ವರಕ್ಕೂ ಗದಗಕ್ಕೂ ಓಡಾಡಿದ ಬಾಡಿಗೆ ಮೋಟಾರು ಅದು. ದೊರೆಗಳು ಅದನ್ನು ಹತ್ತಿರಲಿಲ್ಲ.

ಅಂದು ಮಾವನವರು ಗೆಳೆಯನಿಗೆ ಏನೂ ಹೇಳಲಿಲ್ಲ. ಸಿಪ್ಪೆ ಎದ್ದ ಜಾಗಕ್ಕೆ ಖಾಲಿ ಚೀಲವೊಂದನ್ನು ಹೊದಿಸಿ ಬಂದರು. ಬಸ್ಸಿನಲ್ಲಿ ಅತ್ತೆಯೇ ಮಾತು ತೆಗೆದರು.

"ಎರಡ ಸಾಲ ಬರದ ಕೊಟ್ರ ನಿಮ್ಮ ಗಂಟೇನ ಹೊಕ್ಕೈತಿ? ದೊರಿಗಳ ಗಾಡಿ ಅಂತ ಬರೀರಿ. ಪಾಪ, ಶೇರವಾನಿ ಹೊಲಿಸ್ಯಾನ ಅಂವ."

"ಗಂಟೇನ ಹೋಗೂದಿಲ್ಲ."

"ಮತ್ತ?"

ಮಾವನವರು ಕಿಟಕಿಯ ಕಡೆ ತಿರುಗಿದರು. "ಇಷ್ಟ ವರ್ಷ ಅಂವ ನನಗ ಗಾಡಿ ತೋರಸಲಿಲ್ಲ. ಈಗ ನಂಬಿ ತೋರಿಸ್ಯಾನ. ನೋಡಿ, ನೋಡಿಲ್ಲ ಅಂತ ಹೆಂಗ ಅನ್ನಲಿ?" ಎಂದರು. ಅತ್ತೆಗೆ ಸಿಟ್ಟು ಬಂದಿತ್ತು. "ನಿಮ್ಮ ಕಣ್ಣ ಸಲುವಾಗಿ ಒಂದ ಜೀವ ನೋಯಸ್ತೀರಿ" ಎಂದು ಮುಖ ತಿರುಗಿಸಿದರು. ಆ ಹೊತ್ತಿನಲ್ಲಿ ನನಗೆ ಅತ್ತೆಯ ಮಾತೇ ಸರಿ ಎನಿಸಿತ್ತು.

ಎರಡು ದಿನ ಬಿಟ್ಟು ಮಾವನವರು ನನ್ನೊಬ್ಬಳನ್ನೇ ಕರೆದುಕೊಂಡು ಲಕ್ಷ್ಮೇಶ್ವರಕ್ಕೆ ಹೋದರು. ಬರೆದ ಚಿತ್ರ ನನ್ನದಾಗಿತ್ತಲ್ಲ, ಅದಕ್ಕೆ. ಗೋದಾಮಿನ ಬಾಗಿಲು ಹಾಕಿಸಿ, ಚೀಲ ಸರಿಸಿ, ಅಕ್ಷರ ತೋರಿಸಿದರು. ತೂತುಗಳನ್ನೂ ಪಟ್ಟಿಗಳನ್ನೂ ತೋರಿಸಿದರು. ದನಿ ಏರಿಸಲಿಲ್ಲ, ಇಳಿಸಲೂ ಇಲ್ಲ. "ದಾದ್ಯಾ, ಇದು ಮಂದಿ ಹತ್ತೂ ಗಾಡಿ. ನಾ ಬ್ಯಾರೆ ಯಾರಿಗೂ ಹೇಳೂದಿಲ್ಲ. ಆದರ ಹಲಗಿ ಮ್ಯಾಲೆ ದೊರಿಗಳ ಹೆಸರ ಬರಿಯಾಕ ನನ್ನ ಕೈಲೆ ಆಗೂದಿಲ್ಲ."

ದಾದಾಪೀರರು ಅಕ್ಷರಗಳನ್ನು ನೋಡಲೇ ಇಲ್ಲ. ಮಾವನವರ ಮುಖವನ್ನೇ ನೋಡುತ್ತಿದ್ದರು.

"ಆತ್ರಿ ಮಾಸ್ತರ" ಎಂದರು ಕೊನೆಗೆ. "ನೀವು ಕಲತಾವ್ರು. ನಿಮಗ ಕಂಡದ್ದ ನೀವು ಹೇಳಿದ್ರಿ. ನಮ್ಮ ಅಬ್ಬಾ ಸುಳ್ಳ ಹೇಳ್ಯಾರ ಅಂದಂಗಾತು. ಆಗ್ಲಿರಿ. ಚಹಾ ಕುಡದ ಹೋಗ್ರಿ."

ಅಲ್ಲಿ ನಾವು ಮೂವರೇ ಇದ್ದೆವು. ನನ್ನೊಬ್ಬಳೆದುರು ಅವರು ಗೆಳೆಯನಿಗೆ ಎಂದೂ 'ರಿ' ಹಚ್ಚಿ ಮಾತಾಡಿದವರಲ್ಲ. ಒಂದೊಂದು 'ರಿ' ಬಿದ್ದಾಗಲೂ ಮಾವನವರು ಕುಗ್ಗಿದ್ದನ್ನು ನಾನು ಕಣ್ಣಾರೆ ಕಂಡೆ.

ಮೆರವಣಿಗೆಗೆ ಓಡಾಡುತ್ತಿದ್ದವರು ಕೇಳಲು ಬಂದಾಗ ಮಾವನವರು, "ಗಾಡಿ ಇನ್ನೂ ಎಬ್ಬಿಸೂ ಸ್ಥಿತಿಯೊಳಗ ಇಲ್ಲರಿ, ಈಗ ಆಗೂದಿಲ್ಲ" ಎಂದು ಹೇಳಿ ಕಳಿಸಿದರು. ಮೆರವಣಿಗೆ ಕಾರಿಲ್ಲದೆ ಹೋಯಿತು. ಊರು ಕುಣಿಯಿತು, ಪಟಾಕಿ ಹಾರಿತು. ಮಾವನವರು ಮಗ್ಗದ ಮನೆಯಲ್ಲಿ ಕುಣಿಯ ಅಂಚಿಗೆ ಕಾಲು ಇಳಿಬಿಟ್ಟು ಸುಮ್ಮನೆ ಕುಳಿತಿದ್ದರು.

ಬೇಸಿಗೆ ಕಳೆಯಿತು. ಮಳೆ ಬಂದು ಹೋಯಿತು. ಲಕ್ಷ್ಮೇಶ್ವರದಿಂದ ಖಬರು ಇಲ್ಲ. ಹಬ್ಬಕ್ಕೆ ಬರುತ್ತಿದ್ದ ಶೀರ್‌ಕುರ್ಮಾ ಬರಲಿಲ್ಲ. ನಮ್ಮ ಮನೆಯ ಕರಿಗಡಬು ಹೋಗಲಿಲ್ಲ. ರವಿವಾರಗಳಲ್ಲಿ ಮಾವನವರು ಸ್ಪ್ಯಾನರು ಹಿಡಿದು ಏನನ್ನೋ ಮರೆತವರಂತೆ ನಿಂತುಬಿಡುತ್ತಿದ್ದರು. ಒಂದು ದಿನ ಅತ್ತೆ ಅವರ ಪಕ್ಕದಲ್ಲಿ ಕುಳಿತು, ಈ ಸಲ ಬೈಯದೆ ಹೇಳಿದರು: "ಹೋಗಿ ಬರ್ರಿ ಒಮ್ಮೆ. ತಪ್ಪಾತು ಅನ್ರಿ. ಅಷ್ಟ."

"ತಪ್ಪಾತು ಅಂದ್ರ ಆ ಅಕ್ಷರಾ ಅಳಸಿದಂಗ ನೀಲವ್ವ. ನೋಯಿಸಿದ್ದಕ್ಕ ಕೈ ಮುಗೀತೀನಿ. ನೋಡಿದ್ದಕ್ಕಲ್ಲ. ಅದನ್ನ ಅಂವಗ ಹೆಂಗ ಬಿಡಿಸಿ ಹೇಳೂದು ನನಗ ತಿಳಿವಲ್ದು."

ಅವರ ಕಣ್ಣು ತುಂಬಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ದೀಪಾವಳಿಯ ಹತ್ತಿರ ಒಂದು ಮುಂಜಾನೆ ನಮ್ಮ ಬಾಗಿಲಿನ ಮುಂದೆ ಟಾಂಗಾ ನಿಂತಿತು. ದಾದಾಪೀರರು ಇಳಿದು, ಒಳಗಿದ್ದ ಮುದುಕಿಗೆ ಕೈ ಕೊಟ್ಟು ಇಳಿಸಿಕೊಂಡರು. ಅವರ ಅಕ್ಕ ಖೈರುನಬಿ. ಮುಂಡರಗಿಯ ದೊಡ್ಡ ಮನೆತನವೊಂದಕ್ಕೆ ಕೊಟ್ಟ ಹೆಣ್ಣುಮಗಳು. ನಮ್ಮ ತವರಿನ ಓಣಿಯವರೆಲ್ಲ ಅವರನ್ನು 'ದೊಡ್ಡಮನಿ ಬೂಬಮ್ಮ' ಎನ್ನುತ್ತಿದ್ದರು. ಬೆನ್ನು ಬಾಗಿತ್ತು, ದನಿ ಮಾತ್ರ ಗಟ್ಟಿ. ಪಡಸಾಲೆಯ ಕಂಬಕ್ಕೆ ಆತು ಕುಳಿತು, ನೀರು ಕುಡಿದು, ಅವರು ಮಾವನವರನ್ನು ಕೇಳಿದರು:

"ಮಾಸ್ತರ, ಹಳದಿ ಅಕ್ಷರ ಕಂಡಾವಂತ. ಖರೇನ?"

"ಖರೆ ಬೂಬಮ್ಮಾರ."

"ಅವು ನಮ್ಮ ಅಬ್ಬಾನ ಕೈಯಾಗಿನ್ವು. ಶಾಲಿಗೆ ಹೋಗಿದ್ದಿಲ್ಲ ಅವ್ರು. ಆ ಎರಡ ಊರಿನ ಹೆಸರ ಬರಿಯಾಕ ಮಸೀದಿ ಕಟ್ಟಿ ಮ್ಯಾಲೆ ಇದ್ದಲೀಲೆ ತಿದ್ದಿ ತಿದ್ದಿ ಕಲತಿದ್ರು. ನಾನ ಬಣ್ಣದ ಡಬ್ಬಿ ಹಿಡಕೊಂಡು ನಿಂತಿದ್ದೆ."

ಅವರು ಹೇಳಿದ್ದು ಇಷ್ಟು. ಅವರ ಅಬ್ಬಾ ಆ ಮೋಟಾರಿನ ಡ್ರೈವರು. ಮಾಲೀಕ ಬೇರೆಯವನು, ಅವನು ವ್ಯವಹಾರ ಬಿಟ್ಟು ಊರು ತೊರೆದಾಗ ಗಾಡಿಯನ್ನು ಇವರಿಗೇ ಬಿಟ್ಟುಹೋದ. ಅದರಲ್ಲಿ ಕಾಳು ಹೇರಿ ಸಂತೆಯಿಂದ ಸಂತೆಗೆ ಓಡಾಡುತ್ತ ಅಬ್ಬಾ ವ್ಯಾಪಾರಕ್ಕೆ ಇಳಿದರು. ಕೈ ಹತ್ತಿತು. ಮಗಳಿಗೆ ಮುಂಡರಗಿಯ ದೊಡ್ಡ ಮನೆಯಿಂದ ಸಂಬಂಧ ಬಂದಾಗ, ಡ್ರೈವರನ ಮಗಳೆಂದು ಅವರು ಹಿಂದೆ ಸರಿದಾರು ಎಂದು ಹೆದರಿ, ಬಾಕು ಕಿತ್ತು, ತೂತು ಮುಚ್ಚಿ, ತಮ್ಮ ಕೈಯಾರೆ ಕೆಂಪು ಬಣ್ಣ ಹೊಡೆದರು. ದೊರೆಗಳ ಇನಾಮು ಎಂಬ ಮಾತು ಆ ಬಣ್ಣದ ಜೊತೆಗೇ ಹುಟ್ಟಿತು. ದಾದಾಪೀರ ಆಗ ತೊಟ್ಟಿಲು ಬಿಟ್ಟು ಇಳಿದ ಕೂಸು.

"ಗಂಡನ ಮನ್ಯಾಗ ಒಮ್ಮಿ ಬಾಯಿ ಬಿಟ್ಟಿಲ್ಲ ನಾನು" ಎಂದರು ಖೈರುನಬಿ. "ನಮ್ಮತ್ತಿ ಹೋದ್ರು, ನಮ್ಮ ಮನಿಯವ್ರೂ ಹೋದ್ರು. ಇನ್ಯಾರಿಗೆ ಅಂಜಲಿ? ಇಂವ ಮೊನ್ನೆ ಬಂದು, ಮಾಸ್ತರ ಹಿಂಗಂದಾ, ನಮ್ಮ ಅಬ್ಬಾನ ಸುಳ್ಳ ಮಾಡಿದಾ ಅಂತ ಹೇಳಿ ಅತ್ತ. ನನಗ ತಡಕೊಳ್ಳಾಕ ಆಗಲಿಲ್ಲ. ಸುಳ್ಳ ಹೇಳಿಸಿದಾಕಿ ನಾನು ಇಲ್ಲಿ ಕುಂತೀನಿ."

ದಾದಾಪೀರರು ತಲೆ ತಗ್ಗಿಸಿ ಕುಳಿತಿದ್ದರು. ಆಮೇಲೆ, ನಾವೆಲ್ಲ ಎದುರಿಗೇ ಇದ್ದೇವೆ ಎಂಬುದನ್ನೂ ಮರೆತು, "ಲೇ ಶಂಕ್ರ್ಯಾ" ಎಂದರು. "ನಾ ಆ ಅಕ್ಷರಾ ನೋಡ್ಲೇ ಇಲ್ಲಲೇ. ಅಬ್ಬಾನ ಕೈ ಬರಹ ಮನ್ಯಾಗ ಒಂದೂ ಇಲ್ಲ. ಆ ಚೀಲದ ಹಿಂದ ಇತ್ತು."

ಮಾವನವರು ಎದ್ದು ಹೋಗಿ ಗೆಳೆಯನ ಪಕ್ಕದಲ್ಲಿ ಕುಳಿತರು. ಅತ್ತೆ ಒಳಗೆ ಹೋಗಿ ಚಹಾಕ್ಕೆ ಇಟ್ಟರು. ಅವರು ಸೆರಗಿನಿಂದ ಮುಖ ಒರೆಸಿಕೊಂಡದ್ದು ಹೊಗೆಗಲ್ಲ ಎಂದು ನನಗೆ ಗೊತ್ತಾಯಿತು.

ಅದೇ ವಾರ ದಾದಾಪೀರರು ಗೋದಾಮಿನಲ್ಲಿ ಉಜ್ಜು ಕಾಗದ ಹಿಡಿದು ನಿಂತಿದ್ದರು. ಕೆಂಪು ಬಣ್ಣವನ್ನೆಲ್ಲ ಕಿತ್ತು, ಅಬ್ಬಾನ ಹಸಿರು ಗಾಡಿಯನ್ನು ಹೊರಗೆ ತರುವ ಆತುರ. "ಈ ಸುಳ್ಳ ಒಂದ ದಿನಾನೂ ಇರಬಾರದು" ಎಂದರು. ಮಾವನವರು ಕೈ ಹಿಡಿದರು.

"ದಾದ್ಯಾ, ಹಸರ ಹಚ್ಚಿದಾವ್ರು ಯಾರು?"

"ಅಬ್ಬಾ."

"ಕೆಂಪ ಹಚ್ಚಿದಾವ್ರು ಯಾರು?"

ದಾದಾಪೀರರು ಉಜ್ಜು ಕಾಗದವನ್ನು ಕೆಳಗಿಟ್ಟರು.

"ಒಂದು ಹೊಟ್ಟಿ ಸಲುವಾಗಿ ಹಚ್ಚಿದ್ದು, ಒಂದು ಮಗಳ ಸಲುವಾಗಿ ಹಚ್ಚಿದ್ದು. ಒಂದನ್ನ ಇಟ್ಟು ಒಂದನ್ನ ಕೀಳಾಕ ನಾವ್ಯಾರು?"

ಕೆಂಪು ಹಾಗೆಯೇ ಉಳಿಯಿತು. ಅಕ್ಷರಗಳಿದ್ದ ಕಡೆ ಮಾತ್ರ ಒಂದು ಮೊಳದಷ್ಟು ಜಾಗವನ್ನು, ಒದ್ದೆ ಬಟ್ಟೆ ಮತ್ತು ಉಗುರುಗಳಿಂದಲೇ, ನಾವೆಲ್ಲ ಸೇರಿ ಎಷ್ಟೋ ರವಿವಾರ ಬಿಡಿಸಿದೆವು. 'ಲಕ್ಷ್ಮೇಶ್ವರ – ಗದಗ' ಪೂರ್ತಿಯಾಗಿ ಹೊರಗೆ ಬಂತು. 'ಕ್ಷ'ದ ಒತ್ತು ಸ್ವಲ್ಪ ಸೊಟ್ಟಗಿತ್ತು. ಮಾವನವರು ಅದನ್ನು ತಿದ್ದಗೊಡಲಿಲ್ಲ.

ಗಾಡಿ ಓಡಲು ಮತ್ತೆರಡು ವರ್ಷ ಹಿಡಿಯಿತು. ನನ್ನ ಗಂಡ, ಸಾಹುಕಾರರ ಅಳಿಯ ಇಬ್ಬರೂ ಎಂಜಿನ್ನಿಗೆ ಕೈ ಹಚ್ಚಿದರು. ಬಾಕುಗಳನ್ನು ಮಾವನವರು ಮಾಡಿಸಲಿಲ್ಲ. ಇದ್ದ ಬಾಕಿನ ಅಳತೆ, ಆಕಾರ ಬೂಬಮ್ಮನವರಿಗೂ ನೆನಪಿಲ್ಲ, ಊಹಿಸಿ ಮಾಡಿದ್ದು ಹಳೆಯದಾಗುವುದಿಲ್ಲ ಎಂದರು. ಅಷ್ಟರಲ್ಲಿ ಅವರ ಸಕ್ಕರೆ ಕಾಯಿಲೆ ಕಣ್ಣ ತನಕ ಏರಿತ್ತು. ಮೊದಲು ಸಣ್ಣ ಗೆರೆಗಳು ಹೋದವು, ಆಮೇಲೆ ದೊಡ್ಡವು. ಕಡೆಗೆ ಬೆಳಕು ಯಾವ ಕಡೆಯಿಂದ ಬರುತ್ತಿದೆ ಎಂಬುದಷ್ಟೇ ತಿಳಿಯುತ್ತಿತ್ತು. ಅವರು ಗೋಳಾಡಲಿಲ್ಲ. ಆದರೆ ರವಿವಾರ ಮಗ್ಗದ ಮನೆಗೆ ಬರುವುದನ್ನು ಬಿಟ್ಟರು. "ನೋಡಾಕ ಆಗದಾಂವ ಅಲ್ಲಿ ಬಂದು ಜಾಗಾ ಯಾಕ ಹಿಡೀಲಿ" ಎಂದರು. ನಾನು ಕೈ ಹಿಡಿದು ಕರೆದರೆ, "ನೀ ಹೋಗವ್ವ, ಕೆಲಸ ನೋಡು" ಎನ್ನುತ್ತಿದ್ದರು.

ಗಾಡಿ ಮೊದಲ ಸಲ ರಸ್ತೆಗಿಳಿದ ದಿನ ದಾದಾಪೀರರು ಅದನ್ನು ಲಕ್ಷ್ಮೇಶ್ವರದಿಂದ ನೇರವಾಗಿ ಗದಗದ ಹಾದಿಗೆ ತಂದರು. ಅಳಿಯ ಓಡಿಸುತ್ತಿದ್ದ. ಹಿಂದೆ ಚಾಪೆ ಹಾಸಿಕೊಂಡು ಖೈರುನಬಿ. ಹಾದಿಯಲ್ಲಿ ಕೈ ಮಾಡಿದವರನ್ನೆಲ್ಲ ಹತ್ತಿಸಿಕೊಂಡರಂತೆ. ಶಾಲೆಯ ಹುಡುಗಿಯರು, ಮೊಸರು ಮಾರುವವಳು, ಬಸ್ಸು ತಪ್ಪಿದ ಒಬ್ಬ ಮದುಮಗ. ಬೆಟಗೇರಿಯ ನಮ್ಮ ಓಣಿಗೆ ಬಂದು ನಿಂತಾಗ ಓಣಿಯೇ ಹೊರಗೆ ಬಂತು. ಸಕ್ಕರೆ ಕಾಯಿಲೆಗೆ ಕಾಲೂ ಸೋತು ಮಾವನವರಿಗೆ ಏಳಲು ಆಗುತ್ತಿರಲಿಲ್ಲ. ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ಬಂದೆವು. ಅವರು ಕೈ ಚಾಚಿದರು. ದಾದಾಪೀರರು ಆ ಕೈ ಹಿಡಿದು ಪಕ್ಕದ ಹಲಗೆಯ ಮೇಲೆ ಇಟ್ಟರು. ನಯವಾದ ಕೆಂಪು, ಆಮೇಲೆ ಅಂಚು, ಆಮೇಲೆ ಹಳದಿಯ ಉಬ್ಬು. ಬೆರಳು ಅಕ್ಷರದ ಮೇಲೆ ನಿಧಾನವಾಗಿ ಸಾಗಿ ಕೊನೆಯ 'ಗ'ದ ಬಾಲಕ್ಕೆ ಬಂದು ನಿಂತಿತು.

"ಊರು ಬಂತಲ್ಲೋ" ಎಂದರು.

"ಬಂತಲೇ. ಇಳಿ" ಎಂದರು ದಾದಾಪೀರರು. ಇಬ್ಬರೂ ಹುಡುಗರಂತೆ ನಕ್ಕರು. ಅವರಿಬ್ಬರನ್ನೂ ಒಟ್ಟಿಗೆ ನಾನು ನೋಡಿದ್ದು ಅದೇ ಕಡೆಯ ಸಲ. ಶ್ರಾವಣ ಬರುವುದರೊಳಗೆ ಮಾವನವರು ಹೋದರು.

ಅವರು ಹೋದ ಮರುವರ್ಷ ಹತ್ತಿರದ ಹಳ್ಳಿ ಅಂತೂರ ಬೆಂತೂರದ ರೈತರೊಬ್ಬರು ಹೇಳಿ ಕಳಿಸಿದರು. ಬಾವಿಯ ಪಕ್ಕದ ಜಾಲಿ ಕಂಟಿ ಕಡಿಸುವಾಗ ಒಳಗೆ ಒಂದು ಗಾಡಿ ಸಿಕ್ಕಿದೆ, ಬಂದು ನೋಡಿ ಎಂದು. ನನ್ನ ಗಂಡ, ನಾನು, ದಾದಾಪೀರರು ಹೋದೆವು. ಗಾಲಿಯಿಲ್ಲ, ಎಂಜಿನ್ ಇಲ್ಲ. ಮೂತಿ, ಎರಡು ಬಾಗಿಲು, ಮುರಿದ ಬೆನ್ನು. ಅದರ ನಡುವೆ ಜಾಲಿ ಬೆಳೆದು ಹೊರಗೆ ಬಂದಿತ್ತು. ಸುತ್ತಿ ಸುತ್ತಿ ನೋಡಿದೆವು. ಇಂಗ್ಲಿಷ್ ಇರಬಹುದು ಎಂದ ನನ್ನ ಗಂಡ. ಬಾಗಿಲಿನ ಕೀಲು ನೋಡಿದರೆ ಹಾಗೆ ಅನಿಸುವುದಿಲ್ಲ ಎಂದೆ ನಾನು. ದಾದಾಪೀರರು ಏನೋ ಹೇಳಲು ಬಾಯಿ ತೆರೆದರು, ನಮ್ಮಿಬ್ಬರ ಹಿಂದೆ ಮತ್ತೊಬ್ಬರು ನಿಂತಿದ್ದಾರೆಂಬಂತೆ ಅತ್ತ ತಿರುಗಿದರು, ತೆರೆದ ಬಾಯನ್ನು ಹಾಗೆಯೇ ಮುಚ್ಚಿಕೊಂಡರು. ಬಾವಿಯ ಕಟ್ಟೆಯ ಮೇಲೆ ನಾವು ಮೂವರೂ ಬಂದು ಕುಳಿತೆವು. ರೈತರು ಚಹಾ ತಂದರು, ಯಾವ ಗಾಡಿ ಎಂದು ಕೇಳಿದರು.

ಗೊತ್ತಿಲ್ಲ ಎಂದೆವು.